ಹತ್ತಿ, ತೊಗರಿ ಹೊಲದಲ್ಲಿ ನೀರು ನಿಂತವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಸೋಮವಾರ ರಾತ್ರಿಯ ಮಳೆಗೆ ಮಾನ್ವಿ ಕಡೆಯ ಹತ್ತಿ, ತೊಗರಿ ಹೊಲಗಳಲ್ಲಿ ನೀರು ನಿಂತಿದೆ. ಬೆಳೆ ವಿಮೆ ಕಟ್ಟಿದವರು ಹಾನಿಯಾದ 72 ಗಂಟೆಯೊಳಗೆ, ಅಂದರೆ ಗುರುವಾರ ರಾತ್ರಿಯೊಳಗೆ, ದೂರು ಕೊಡಬೇಕು. 14447ಕ್ಕೆ ಕರೆ ಮಾಡಿ, ಇಲ್ಲವೇ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಸರ್ವೆ ನಂಬರ್, ವಿಮೆ ಅರ್ಜಿ ಸಂಖ್ಯೆ, ಆಧಾರ್ ಕೈಯಲ್ಲಿರಲಿ. ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಆಮೇಲೆ ವಿಮೆಯ ಹಾನಿ ಪರಿಶೀಲಕರು ಕೃಷಿ ಇಲಾಖೆಯವರೊಂದಿಗೆ ಹೊಲಕ್ಕೆ ಬರುತ್ತಾರೆ. ಅವರೊಂದಿಗೆ ಜಗಳ ಬೇಡ. ಹಣ ಮಂಜೂರು ಮಾಡುವವರು ಅವರಲ್ಲ. ಯಾವ ಬೆಳೆ, ಎಷ್ಟು ಎಕರೆ, ಎಷ್ಟು ಭಾಗ ಹಾಳಾಗಿದೆ ಎಂದು ನೋಡಿ ಬರೆಯುವುದು ಅವರ ಕೆಲಸ. ಆದರೆ ಎಲ್ಲವೂ ನಿಂತಿರುವುದು ಆ ಒಂದು ಹಾಳೆಯ ಮೇಲೆ. ಹಾಗಾಗಿ ಅವರು ಬರುವ ತನಕ ಗಿಡ ಕೀಳಬೇಡಿ, ನೀವೇ ಜೊತೆಗಿರಿ, ಓದಿಯೇ ಸಹಿ ಮಾಡಿ.

ಹೋದ ಸಲ ನನ್ನ ಹೊಲದಲ್ಲಿ ಇದ್ದದ್ದು ಹತ್ತಿ, ಯಾವ ಹೊಲದಲ್ಲಿ ಯಾವ ಬೆಳೆ ಎಂದು ಸರ್ಕಾರ ದಾಖಲಿಸುವ ಬೆಳೆ ಸಮೀಕ್ಷೆಯಲ್ಲಿ ಸೇರಿದ್ದು ತೊಗರಿ! ಸಮೀಕ್ಷೆಯವರು ಬದುವಿನ ಎರಡು ಸಾಲು ತೊಗರಿಯ ಫೋಟೊ ತೆಗೆದುಕೊಂಡು ಹೋಗಿದ್ದರು. ವಿಮೆ ಕಟ್ಟಿದ ಬೆಳೆಗೂ ಸಮೀಕ್ಷೆಗೂ ತಾಳೆಯಾಗದೆ ಒಂದು ರೂಪಾಯಿಯೂ ಬರಲಿಲ್ಲ. ಸಮೀಕ್ಷೆಯಲ್ಲಿ ನಿಮ್ಮ ಹೊಲಕ್ಕೆ ಯಾವ ಬೆಳೆ ಸೇರಿದೆ ಎಂದು ಬೆಳೆ ದರ್ಶಕ ಆ್ಯಪ್‌ನಲ್ಲಿ ಇಂದೇ ನೋಡಿಕೊಳ್ಳಿ.

ನೀರು ನಿಂತವರು ಹೆಸರು, ಊರು ಇಲ್ಲಿ ಹಾಕಿ. ಮೊಬೈಲ್ ಬಳಸಲು ಬಾರದ ಹಿರಿಯರನ್ನು ನಾಳೆ ಬೆಳಿಗ್ಗೆ 10ಕ್ಕೆ ಪಂಚಾಯಿತಿ ಕಟ್ಟೆಗೆ ಕಳುಹಿಸಿ, ನಾನೇ ಕರೆ ಮಾಡಿಕೊಡುತ್ತೇನೆ.