ವಾಪಸ್ ಬರುತ್ತೇನೆ ಎಂಬುದಕ್ಕೆ ಪುರಾವೆ

ಮಾನ್ಯ ಸಂಪಾದಕರೇ,

ನನಗೆ 63 ವರ್ಷ. ದಕ್ಷಿಣ ಕೊಡಗಿನಲ್ಲಿ ಏಳು ಎಕರೆ ರೋಬಸ್ಟಾ ಕಾಫಿ ತೋಟ, ಸ್ವಲ್ಪ ಗದ್ದೆ, ಮರಗಳಿಗೆ ಹಬ್ಬಿಸಿದ ಕರಿಮೆಣಸು. ಕಳೆದ ಸೆಪ್ಟೆಂಬರಿನಲ್ಲಿ ಯುರೋಪಿನ ಒಂದು ದೇಶ ನನಗೆ ವೀಸಾ ಕೊಡಲಿಲ್ಲ. ದೇಶದ ಹೆಸರು ಬರೆಯುವುದಿಲ್ಲ, ಮತ್ತೆ ಅಲ್ಲಿಗೇ ಅರ್ಜಿ ಹಾಕಬೇಕಿದೆ! ಇದು ಅವರ ಮೇಲಿನ ದೂರೂ ಅಲ್ಲ. ಅವರ ಮನೆ, ಅವರ ಬಾಗಿಲು. ನನ್ನ ಮಾತೇನಿದ್ದರೂ ಇಲ್ಲಿಯ ಕಂದಾಯ ಇಲಾಖೆ, ಕಾಫಿ ಬೋರ್ಡಿನವರ ಹತ್ತಿರ, ಮತ್ತೆ ನಮ್ಮಂಥ ಬೆಳೆಗಾರರ ಮನೆಯವರ ಹತ್ತಿರ.

ಅಲ್ಲಿರುವ ಮಗಳಿಗೆ ನವೆಂಬರಿನಲ್ಲಿ ಹೆರಿಗೆ ಎಂದಿದ್ದರು. ಬಾಣಂತನಕ್ಕೆ ತಾಯಿ ಹೋಗದೆ ಇನ್ನಾರು ಹೋಗಬೇಕು? ಷೆಂಗೆನ್ ವೀಸಾ ಸಿಕ್ಕರೆ 29 ದೇಶಗಳಲ್ಲಿ ಓಡಾಡಬಹುದು, 180 ದಿನಗಳಲ್ಲಿ 90 ದಿನ ಇರಬಹುದು ಎಂದು ಅಳಿಯ ಫೋನಿನಲ್ಲಿ ವಿವರಿಸಿದರು. ನನಗೆ 29 ದೇಶ ಬೇಡ, ಒಂದು ಅಡುಗೆಮನೆ ಸಾಕು ಎಂದೆ. ಬಾಣಂತಿ ಲೇಹ್ಯಕ್ಕೆ ಬೇಕಾದ್ದೆಲ್ಲ ಜೋಡಿಸಿ ಇಟ್ಟೆ. ತುಪ್ಪವನ್ನು ಮಾತ್ರ ಮಗಳೇ ಬೇಡವೆಂದಳು. ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ಒಯ್ಯಲು ಅಲ್ಲಿ ಬಿಡುವುದಿಲ್ಲವಂತೆ.

ಇನ್ನು ಕಾಗದಗಳ ಕಥೆ. ಮೊದಲು ಬೇಕಾದದ್ದು ಮದುವೆಯ ನೋಂದಣಿ ಪತ್ರ. ನಮ್ಮ ಮದುವೆ ಆದದ್ದು 1985ರಲ್ಲಿ, ಎರಡೂ ಒಕ್ಕದವರ, ಅಂದರೆ ಮನೆತನದವರ ಎದುರಿಗೆ. ಅದನ್ನು ಸರ್ಕಾರಕ್ಕೂ ಹೇಳಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ. 40 ವರ್ಷದ ಮೇಲೆ ನಾನು, ನಮ್ಮ ಯಜಮಾನರು ಸಾಕ್ಷಿಗಳನ್ನು ಕರೆದುಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ನಿಂತೆವು. ಮದುವೆಯ ಫೋಟೊದಲ್ಲಿ ಯಜಮಾನರು ಕೊಡವ ಉಡುಪಿನಲ್ಲಿ, ಕುಪ್ಯ, ಚೇಲೆ, ಪೀಚೆಕತ್ತಿಯಲ್ಲಿ ದರ್ಬಾರಿಗೆ ಹೊರಟವರ ಹಾಗಿದ್ದಾರೆ. ಎದುರಿಗೆ ನಿಂತಿದ್ದವರು ಮಂಡಿನೋವಿನ ಎಣ್ಣೆ ವಾಸನೆಯ ಮುದುಕರು. ಅಲ್ಲಿದ್ದ ಹುಡುಗಿ ಫೋಟೊ ಒಮ್ಮೆ, ಅವರ ಮುಖ ಒಮ್ಮೆ ನೋಡಿ ನಗು ತಡೆದುಕೊಂಡಳು. ನಾನು ತಡೆದುಕೊಳ್ಳಲಿಲ್ಲ.

ಆಮೇಲೆ ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ತವರಿನ ಮನೆ ಹೆಸರು, ಆಧಾರಿನಲ್ಲಿ ಗಂಡನ ಮನೆ ಹೆಸರು. ಪಾಸ್‌ಪೋರ್ಟಿನಲ್ಲಿ ಮನೆ ಹೆಸರು ಕೊನೆಗೆ, ಉಳಿದೆಲ್ಲ ಕಡೆ ಮೊದಲಿಗೆ. ಮಗಳ ಜನನ ಪತ್ರದಲ್ಲಿ ನನ್ನ ಹೆಸರಿಗೆ ಒಂದು ಇಂಗ್ಲಿಷ್ ಅಕ್ಷರ ಹೆಚ್ಚು. ಈ ನಾಲ್ಕೂ ಹೆಂಗಸರು ಒಬ್ಬಳೇ ಎಂದು ನೋಟರಿ ಮುಂದೆ ಪ್ರಮಾಣ ಮಾಡಿದೆ.

ನಿಜವಾಗಿ ಸಿಕ್ಕಿಹಾಕಿಕೊಂಡದ್ದು ಆದಾಯದಲ್ಲಿ. ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ಸ್ ಕೇಳುತ್ತಾರೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಕಾಫಿಯನ್ನು ಸಂಸ್ಕರಿಸಿ ಮಾರುವವರ ಆದಾಯದಲ್ಲಿ ನೂರಕ್ಕೆ 25 ಭಾಗ ತೆರಿಗೆ ಲೆಕ್ಕಕ್ಕೆ ಬರುತ್ತದೆ. ನಮ್ಮ ಹಾಗೆ ಕಣದಲ್ಲಿ ಒಣಗಿಸಿ, 50 ಕೆ.ಜಿ. ಮೂಟೆ ಕಟ್ಟಿ ಚೆರಿಯನ್ನೇ (ಒಣಗಿದ ಇಡೀ ಹಣ್ಣನ್ನೇ) ವ್ಯಾಪಾರಿಗೆ ಕೊಡುವ ಸಣ್ಣ ಬೆಳೆಗಾರರಿಗೆ ಅದೂ ಇಲ್ಲ. ತೆರಿಗೆ ಇಲ್ಲದ್ದು ಸುಖ ಎಂದು ಇಷ್ಟು ವರ್ಷ ತಿಳಿದಿದ್ದೆವು. ಈಗ ನೋಡಿದರೆ ತೆರಿಗೆ ಕಟ್ಟದವರ ಆದಾಯಕ್ಕೆ ಸಾಕ್ಷಿಯೇ ಇಲ್ಲ.

ಮಾವನ ಕಾಲ ಹೀಗಿರಲಿಲ್ಲ. ಆಗ ಬೆಳೆದ ಕಾಫಿಯನ್ನೆಲ್ಲ ಪೂಲಿಗೆ, ಅಂದರೆ ಎಲ್ಲರದನ್ನೂ ಒಟ್ಟುಗೂಡಿಸಿ ಕಾಫಿ ಬೋರ್ಡೇ ಮಾರುವ ವ್ಯವಸ್ಥೆಗೆ ಕೊಡಬೇಕಿತ್ತು, ಕಾಫಿ ಬೋರ್ಡಿನಿಂದ ಹಣ ಕಂತು ಕಂತಾಗಿ ಬರುತ್ತಿತ್ತು, ಕಂತಿಗೊಂದು ಚೀಟಿ. ರಾಜ್ಯ ಸರ್ಕಾರಕ್ಕೆ ಕೃಷಿ ಆದಾಯ ತೆರಿಗೆ ಕಟ್ಟಿದ ರಸೀದಿಗಳೂ ಇದ್ದವು. ಅಟ್ಟದ ಪೆಟ್ಟಿಗೆಯಲ್ಲಿ ಈಗಲೂ ಒಂದು ಕಟ್ಟು ಇದೆ, ಬೆಳ್ಳಿಮೀನು ಹುಳ ತಿಂದು ಬಿಟ್ಟಷ್ಟು. 1990ರ ದಶಕದಲ್ಲಿ ಪೂಲಿಂಗ್ ಹೋಗಿ ಮಾರುಕಟ್ಟೆ ಮುಕ್ತವಾಯಿತು, ಒಳ್ಳೆಯದೇ ಆಯಿತು. ಅದರ ಜೊತೆ ಆ ಚೀಟಿಯೂ ಹೋಯಿತು.

ಬ್ಯಾಂಕ್ ಪುಸ್ತಕದ್ದು ಇನ್ನೊಂದು ತಮಾಷೆ. ಸಂಬಳದವರ ಖಾತೆ ಗದ್ದೆಯ ತೋಡಿನ ಹಾಗೆ, ತಿಂಗಳು ತಿಂಗಳೂ ಒಂದೇ ಹರಿವು. ನಮ್ಮದು ಕಕ್ಕಡ ಮಳೆಯ ಹೊಳೆ, ಬಂದರೆ ಒಮ್ಮೆಗೇ. ಜನವರಿಯಿಂದ ಮಾರ್ಚ್‌ವರೆಗೆ ಕೊಯ್ದು ಮಾರಿದ ಹಣ ಒಟ್ಟಿಗೆ ಬಂದು ಬೀಳುತ್ತದೆ, ಆಮೇಲೆ ವರ್ಷವಿಡೀ ಗೊಬ್ಬರ, ಕಳೆ, ಮರಗಸಿ (ನೆರಳುಮರದ ಕೊಂಬೆ ಸವರುವುದು), ಆಸ್ಪತ್ರೆ ಎಂದು ಕರಗುತ್ತದೆ. ಸೆಪ್ಟೆಂಬರಿನಲ್ಲಿ, ಕೈಲ್ ಮುಹೂರ್ತ ಹಬ್ಬ ಮುಗಿದ ವಾರ ಹಿಂದಿನ ಮೂರು ತಿಂಗಳ ಲೆಕ್ಕ ತೆಗೆಸಿದರೆ 41 ಸಾವಿರ ಇತ್ತು, ಮೇಲೆ ಬೆಳೆಸಾಲ. ಮಾರ್ಚಿನಲ್ಲಿ ಕೊಟ್ಟಿದ್ದರೆ ಸರಿಯಿತ್ತೇ? ಅದೂ ಸಂಶಯವೇ. ಖಾಲಿಯಿದ್ದ ಖಾತೆಗೆ ಒಮ್ಮೆಗೇ ಲಕ್ಷಗಟ್ಟಲೆ ಬಂದರೆ, ವೀಸಾಕ್ಕೆಂದು ಯಾರಿಂದಲೋ ತಂದು ತುಂಬಿಸಿದ್ದು ಎಂದುಕೊಳ್ಳುತ್ತಾರಂತೆ. ಅರ್ಜಿ ತುಂಬಿಕೊಡುವ ಏಜೆಂಟ್ ಒಬ್ಬರು ನನಗೆ ಹೇಳಿದ ಉಪಾಯವೂ ಅದೇ: ‘ಮೂರು ತಿಂಗಳಿಗೆ ಬಡ್ಡಿಗೆ ತಂದು ಖಾತೆಯಲ್ಲಿಡಿ ಆಂಟಿ, ಎಲ್ಲರೂ ಮಾಡುವುದೇ.’ ಎಲ್ಲರೂ ಮಾಡುವುದರಿಂದಲೇ ನಮ್ಮ ಸಾಚಾ ಹಣವನ್ನೂ ಯಾರೂ ನಂಬುವುದಿಲ್ಲ ಎಂದು ಹೇಳಿ ಎದ್ದು ಬಂದೆ.

ಆಸ್ತಿಯ ಪತ್ರ ಕೊಡಿ ಎಂದರು. ತೋಟದ ಒಂದು ಭಾಗ ಜಮ್ಮಾ, ಒಕ್ಕಕ್ಕೆ ತಲೆತಲಾಂತರದಿಂದ ಬಂದ ಜಮೀನು. ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಇರುವುದು ಯಜಮಾನರ ಅಜ್ಜನ ಹೆಸರು, ಪಟ್ಟೆದಾರರೆಂದು, ಅಂದರೆ ಒಕ್ಕದ ಹಿರಿಯರೆಂದು. ಅದರ ಕೆಳಗೆ ಮೂರು ತಲೆಮಾರಿನ ಗಂಡಸರು ಸಾಲಾಗಿದ್ದಾರೆ, ಅವರಲ್ಲಿ ಅರ್ಧ ಜನ ಈಗಿಲ್ಲ. ನನ್ನ ಹೆಸರು ಎಲ್ಲೂ ಇಲ್ಲ. ಇರುವುದಿಲ್ಲ ಎಂದು ನನಗೂ ಗೊತ್ತಿತ್ತು, ಆದರೆ ಬೆರಳಿಟ್ಟು ಹುಡುಕಿದ್ದು ಅವತ್ತೇ ಮೊದಲು. ಯಜಮಾನರಿಗೆ ಬೆನ್ನುಹುರಿ ಆಪರೇಷನ್ ಆದ ಮೇಲೆ 14 ವರ್ಷದಿಂದ ತೋಟ ನೋಡಿಕೊಳ್ಳುವವಳು ನಾನು. ಕೊಯ್ಲಿನ ದಿನ ಸಂಜೆ ತಕ್ಕಡಿ ಹತ್ತಿರ ನಿಂತು, ಯಾರು ಎಷ್ಟು ಕೆ.ಜಿ. ಹಣ್ಣು ಕೊಯ್ದರು, ಯಾರಿಗೆ ಎಷ್ಟು ಮುಂಗಡ ಹೋಯಿತು ಎಂದು ಬರೆಯುವುದು ನಾನು. ಆ ತೂಕದ ಪುಸ್ತಕಗಳು 14 ಇವೆ, ವರ್ಷಕ್ಕೊಂದು. ಕಾಫಿ ಹಣ್ಣಿನ ಅಂಟು ಹತ್ತಿ ಪುಟದ ಮೂಲೆಗಳೆಲ್ಲ ಕಂದು.

ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೂ ಹೋದೆ. ಕಡಿಮೆ ಬರೆಸಿಕೊಳ್ಳುವುದಕ್ಕೆಂದೇ ಎಲ್ಲರೂ ಹೋಗುವ ಕಡೆ, ಇದ್ದಷ್ಟನ್ನೂ ಬರೆಯಿರಿ ಎಂದು ಕೇಳಿದ ಮೊದಲ ಹೆಂಗಸು ನಾನೇ ಇರಬೇಕು. ಅಲ್ಲಿಯವರು ಮರ್ಯಾದೆಯಿಂದಲೇ ಮಾತಾಡಿದರು. ಆದರೆ ತೋಟ ನಡೆಸುವುದು ಇಂಥವರು, ವಿಸ್ತೀರ್ಣ ಇಷ್ಟು, ವರ್ಷದ ಹುಟ್ಟುವಳಿ ಇಷ್ಟು ಎಂದು ಇಂಗ್ಲಿಷಿನಲ್ಲಿ ಕೊಡುವ ನಮೂನೆಯೇ ಇಲ್ಲವಂತೆ.

ಬೆಂಗಳೂರಿಗೆ ರಾತ್ರಿ ಬಸ್ಸು. ರೈಲಿಲ್ಲದ ಜಿಲ್ಲೆ ನಮ್ಮದು. ವಿಚಿತ್ರ ನೋಡಿ, ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದರೆ 2018ರಲ್ಲಿ ಶುರುವಾದ ಕಣ್ಣೂರು ವಿಮಾನ ನಿಲ್ದಾಣ ಸಿಗುತ್ತದೆ. ಮನೆಯಿಂದ ವಿಮಾನ ಹತ್ತಿರ, ಅದನ್ನು ಹತ್ತಲು ಕೇಳಬೇಕಾದ ಅನುಮತಿ ದೂರ. ಬೆಳಗ್ಗೆ ವೀಸಾ ಅರ್ಜಿ ಕೇಂದ್ರದಲ್ಲಿ ಹತ್ತು ಬೆರಳನ್ನೂ ಗಾಜಿನ ಮೇಲೆ ಒತ್ತಿಸಿದರು. ನನ್ನ ಬಲಗೈಯ ಹೆಬ್ಬೆರಳು, ತೋರುಬೆರಳು ಯಂತ್ರಕ್ಕೆ ಹತ್ತಲಿಲ್ಲ. ಮೆಣಸು ಉಜ್ಜಿ, ಕತ್ತಿ ಹಿಡಿದು ಗೆರೆ ಸವೆದಿದೆ. ನ್ಯಾಯಬೆಲೆ ಅಂಗಡಿಯಲ್ಲೂ ಇದೇ ಗೋಳು. ಕೇಂದ್ರದಲ್ಲಿದ್ದ ಹುಡುಗ ಒದ್ದೆ ಟಿಶ್ಯೂ ಕೊಟ್ಟ, ಒರೆಸಿದೆ. ಮತ್ತೆ ಒತ್ತಿದೆ. ತನ್ನ ಕೈಯಿಂದಲೇ ನನ್ನ ಬೆರಳು ಹಿಡಿದು, ‘ಇನ್ನೂ ಸ್ವಲ್ಪ ಜೋರಾಗಿ ಅಮ್ಮಾ’ ಎಂದ. ಆರನೆಯ ಸಲಕ್ಕೋ ಏನೋ ಹಸಿರು ದೀಪ ಬಂತು. ಚೀಲದಿಂದ ತೂಕದ ಪುಸ್ತಕ ತೆಗೆದು, ಇದನ್ನೂ ಸೇರಿಸಿ ಎಂದೆ. ಪಟ್ಟಿಯಲ್ಲಿ ಇಲ್ಲದ್ದು, ಕನ್ನಡದಲ್ಲಿ ಬೇರೆ ಇದೆ ಎಂದು ಪಾಪ ಹಿಂದಕ್ಕೆ ಕೊಟ್ಟ.

ಎರಡು ವಾರಕ್ಕೆ ಪಾಸ್‌ಪೋರ್ಟು ವಾಪಸ್ ಬಂತು, ಜೊತೆಗೆ ಅಚ್ಚು ಹಾಕಿದ ಒಂದು ಹಾಳೆ. ಚೌಕದಲ್ಲಿ ಎರಡು ಗುರುತು. ಒಂದು, ಖರ್ಚಿಗೆ ಸಾಕಷ್ಟು ಹಣವಿರುವುದಕ್ಕೆ ಆಧಾರವಿಲ್ಲ. ಎರಡನೆಯದು, ವೀಸಾ ಅವಧಿ ಮುಗಿಯುವ ಮೊದಲು ಹಿಂದಿರುಗುತ್ತೀರಿ ಎಂಬುದರ ಬಗ್ಗೆ ಸಂಶಯ. 90 ಯೂರೊ ಶುಲ್ಕ ಹಿಂದಕ್ಕೆ ಬರುವುದಿಲ್ಲ. ಅದಕ್ಕೆ ಬೇಸರವಿಲ್ಲ. ಎರಡನೆಯ ಗುರುತು ನೋಡಿ ಮಾತ್ರ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಜನವರಿಯಲ್ಲಿ ಹಣ್ಣು ಕೆಂಪಾಗಿ ನಿಂತಿರುವಾಗ, ಬೆನ್ನು ಬಗ್ಗಿಸಲಾಗದ ಗಂಡನ ಮೇಲೆ ತೋಟ ಬಿಟ್ಟು, ಪರದೇಶದ ಮೂರನೇ ಮಹಡಿಯಲ್ಲಿ ಕಿಟಕಿ ನೋಡುತ್ತ ಉಳಿಯುವವಳೇ ನಾನು? ನಮ್ಮೂರಿನ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಆದರೆ ಆ ಹಾಳೆ ಬರೆದವರು ನಮ್ಮೂರಿನವರಲ್ಲ, ಅವರ ಕೈಯಲ್ಲಿದ್ದದ್ದು ನಾನು ಕೊಟ್ಟ ಕಾಗದ ಮಾತ್ರ. ಕಾಗದದಲ್ಲಿ ನಾನು ಆಸ್ತಿಯಿಲ್ಲದ, ಆದಾಯವಿಲ್ಲದ, ಕೆಲಸವಿಲ್ಲದ ಹೆಂಗಸು. ಉದ್ಯೋಗ ಎಂಬಲ್ಲಿ ಮಗಳು ‘ಗೃಹಿಣಿ’ ಎಂದು ತುಂಬಿದ್ದಳು. ನಾನೂ ಓದಿ ಸಹಿ ಹಾಕಿದ್ದೆ. ಆ ತಪ್ಪು ನಮ್ಮದೇ.

ಹುತ್ತರಿ ಹಬ್ಬಕ್ಕೆ ಎರಡು ವಾರ ಮೊದಲು ಮೊಮ್ಮಗಳು ಹುಟ್ಟಿದಳು. ಫೋನಿನಲ್ಲೇ ನೋಡಿದೆ. ‘ಅವ್ವಾ, ಇವಳ ಹೊಟ್ಟೆಗೆ ಎಣ್ಣೆ ಯಾವ ಕಡೆಯಿಂದ ತಿಕ್ಕಬೇಕು?’ ಎಂದು ಮಗಳು ಕೇಳಿದಾಗ ಕೈಯಲ್ಲಿ ತೋರಿಸಿದೆ. ಅಲ್ಲಿ ನೆಟ್‌ವರ್ಕ್ ಇತ್ತು, ಹೋದದ್ದು ನಮ್ಮಲ್ಲಿ.

ನಾನು ಕೇಳುವುದು ದೊಡ್ಡದೇನಲ್ಲ. ತಹಸೀಲ್ದಾರರ ಸಹಿ ಇರುವ, ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಒಂದು ಹಾಳೆ: ಸರ್ವೆ ನಂಬರು, ವಿಸ್ತೀರ್ಣ, ಬೆಳೆ, ಆರ್‌ಟಿಸಿಯಲ್ಲಿರುವವರಿಗೂ ಅರ್ಜಿದಾರರಿಗೂ ಏನು ಸಂಬಂಧ, ತೋಟ ನಡೆಸುತ್ತಿರುವುದು ಯಾರು. ತೋಟಗಳ ನೋಂದಣಿ ಕಾಫಿ ಬೋರ್ಡಿನಲ್ಲೂ ಇದೆ. ವ್ಯಾಪಾರಿಯ ಬಿಲ್ಲು, ಬ್ಯಾಂಕಿಗೆ ಬಂದ ಹಣ ಎರಡನ್ನೂ ನೋಡಿ ಮೂರು ವರ್ಷದ ಹುಟ್ಟುವಳಿಗೆ ಅವರೊಂದು ಪತ್ರ ಕೊಡಲಿ, ಕಾಫಿ ಹಣ ವರ್ಷಕ್ಕೊಮ್ಮೆ ಬರುವುದು ಎಂಬ ಒಂದು ಸಾಲನ್ನೂ ಸೇರಿಸಲಿ. ಹೆಂಗಸರ ಹೆಸರನ್ನು ಆರ್‌ಟಿಸಿಗೆ ಸೇರಿಸುವ ವಿಷಯ ಬೇರೆ, ಅದಕ್ಕೆ ಈ ಪತ್ರದಲ್ಲಿ ಜಾಗ ಸಾಲದು. ನಮ್ಮ ಮನೆಯಲ್ಲಿ ಅದರ ಚರ್ಚೆ ಮಾತ್ರ ಶುರುವಾಗಿದೆ.

ಕೊಯ್ಲು ಮೊನ್ನೆ ಮುಗಿಯಿತು. ಮಗಳು ಮೇ ತಿಂಗಳಿನಲ್ಲಿ ಕೆಲಸಕ್ಕೆ ಹೋಗಬೇಕು, ಅಷ್ಟರೊಳಗೆ ಮತ್ತೊಮ್ಮೆ ಅರ್ಜಿ. 59 ತಿಂಗಳೊಳಗೆ ಕೊಟ್ಟ ಬೆರಳಚ್ಚನ್ನೇ ಮತ್ತೆ ಬಳಸುತ್ತಾರಂತೆ, ಅದೊಂದು ನೆಮ್ಮದಿ. ಉದ್ಯೋಗದ ಜಾಗದಲ್ಲಿ ಈ ಸಲ ‘ಕಾಫಿ ಬೆಳೆಗಾರ್ತಿ’ ಎಂದು ಬರೆಸಿದ್ದೇನೆ. ತೂಕದ ಪುಸ್ತಕದ ಆರು ಪುಟಗಳನ್ನು ಮೈಸೂರಿನಲ್ಲಿ ಇಂಗ್ಲಿಷಿಗೆ ಮಾಡಿಸಲು ಕೊಟ್ಟೆ. ‘ಮುಂಗಡ’ಕ್ಕೆ ಏನು ಬರೆಯಲಿ, ‘ಬಿದ್ದ ಹಣ್ಣು’ ಅಂದರೇನು ಎಂದು ಅನುವಾದಕರು ಎರಡು ಸಲ ಫೋನ್ ಮಾಡಿದರು. ಇದಕ್ಕಿಂತ ಒಳ್ಳೆಯ ಕಾಗದ ಕೊಡಗಿನಲ್ಲಿ ಯಾರಿಗಾದರೂ, ಯಾವುದಾದರೂ ಕಚೇರಿಯಿಂದ ಸಿಕ್ಕಿದ್ದರೆ ದಯವಿಟ್ಟು ಈ ಅಂಕಣಕ್ಕೇ ಬರೆಯಿರಿ. ನನ್ನ ದಿನ ಇರುವುದು ಮುಂದಿನ ಮಂಗಳವಾರ, ಬೆಳಗ್ಗೆ ಹತ್ತೂವರೆಗೆ.

– ಒಬ್ಬ ಕಾಫಿ ಬೆಳೆಗಾರ್ತಿ, ದಕ್ಷಿಣ ಕೊಡಗು
(ಹೆಸರು ಪ್ರಕಟಿಸುವುದು ಬೇಡ)