ಝಾಬ್‌ವಾಲಾ ಅವರಿಗೆ ಒಂದೇ ಸಾಲೇ?

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ನಿರ್ಮಾಪಕ ಇಸ್ಮಾಯಿಲ್ ಮರ್ಚೆಂಟ್, ನಿರ್ದೇಶಕ ಜೇಮ್ಸ್ ಐವರಿ ಜೋಡಿಯ ಚಿತ್ರಗಳ ಬಗ್ಗೆ ಬಂದ ಲೇಖನ, ಅವುಗಳಲ್ಲಿ ಹಲವಕ್ಕೆ ಚಿತ್ರಕಥೆ ಬರೆದ ರೂತ್ ಪ್ರಾವರ್ ಝಾಬ್‌ವಾಲಾ ಅವರನ್ನು ಒಂದೇ ಸಾಲಿನಲ್ಲಿ ಮುಗಿಸಿದೆ: ‘ಕಾದಂಬರಿಗಳನ್ನು ಇದ್ದ ಹಾಗೇ ತೆರೆಗಿಳಿಸಿದ ಭಾರತೀಯ ಲೇಖಕಿ’. ಆ ಒಂದು ಸಾಲಿನಲ್ಲೇ ಎರಡು ತಪ್ಪುಗಳಿವೆ.

ಅವರು ಹುಟ್ಟಿದ್ದು 1927ರಲ್ಲಿ, ಜರ್ಮನಿಯ ಕಲೋನ್ ನಗರದ ಯಹೂದಿ ಮನೆಯಲ್ಲಿ. 1939ರಲ್ಲಿ ಆ ಕುಟುಂಬ ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿತು. ಹತ್ಯಾಕಾಂಡದಲ್ಲಿ ತಮ್ಮ ಬಂಧುಬಳಗ ಅಳಿದುಹೋದದ್ದು ತಿಳಿದ ತಂದೆ 1948ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. 1951ರಲ್ಲಿ ಪಾರ್ಸಿ ವಾಸ್ತುಶಿಲ್ಪಿ ಸೈರಸ್ ಝಾಬ್‌ವಾಲಾ ಅವರನ್ನು ಮದುವೆಯಾಗಿ ರೂತ್ ದೆಹಲಿಗೆ ಬಂದರು. 1975ರಲ್ಲಿ ನ್ಯೂಯಾರ್ಕಿಗೆ ಹೋದರು. ಭಾರತದ ಬಗ್ಗೆ ತಮ್ಮ ಮನಸ್ಸು ಚಕ್ರದಂತೆ ತಿರುಗುತ್ತದೆ ಎಂದು ಅವರೇ ಬರೆದಿದ್ದಾರೆ: ಮೊದಲು ಎಲ್ಲವೂ ಅದ್ಭುತ, ಆಮೇಲೆ ಅಷ್ಟೇನಲ್ಲ, ಕೊನೆಗೆ ಎಲ್ಲವೂ ಅಸಹ್ಯ, ಮತ್ತೆ ಮೊದಲಿನಿಂದ. ಇದು ಮನೆಮಗಳ ನೋಟವಲ್ಲ, ಸೊಸೆಯಾಗಿ ಬಂದವರದ್ದು.

ಇನ್ನು ‘ಇದ್ದ ಹಾಗೇ’ ಎಂಬ ಮಾತು. 1975ರಲ್ಲಿ ಬುಕರ್ ಸಾಹಿತ್ಯ ಪ್ರಶಸ್ತಿ ಪಡೆದ ಅವರದೇ ಕಾದಂಬರಿ ‘ಹೀಟ್ ಆಂಡ್ ಡಸ್ಟ್’ನಲ್ಲಿ ಕಥೆ ಹೇಳುವವಳಿಗೆ ಹೆಸರೇ ಇಲ್ಲ. ಪುಟದ ಮೇಲೆ ‘ನಾನು’ ಎಂದರೆ ಸಾಕು, ತೆರೆಯ ಮೇಲೆ ಯಾರಾದರೂ ಕರೆಯಬೇಕಲ್ಲ! 1983ರ ಚಿತ್ರದಲ್ಲಿ ಆಕೆ ಆನ್ ಆದಳು.

‘ದಿ ರಿಮೇನ್ಸ್ ಆಫ್ ದಿ ಡೇ’ (1993) ಇನ್ನೂ ಕಷ್ಟದ ಕೆಲಸ. ಕಜುವೊ ಇಶಿಗುರೊ ಅವರ ಕಾದಂಬರಿಯಲ್ಲಿ ಒಬ್ಬ ಲಾರ್ಡ್ ಮನೆಯ ಬಟ್ಲರ್ (ಮುಖ್ಯ ಸೇವಕ) ತನ್ನ ಕಥೆಯನ್ನು ತಾನೇ ಹೇಳುತ್ತಾನೆ, ಹೇಳುತ್ತಲೇ ಮುಚ್ಚಿಡುತ್ತಾನೆ. ಅದನ್ನೇ ಹಿನ್ನೆಲೆ ದನಿಯಾಗಿ ತುಂಬಿದರೆ ಮುಚ್ಚಿಟ್ಟದ್ದೆಲ್ಲ ಬಯಲಾಗಿ ಮಜವೇ ಹೋಗುತ್ತದೆ. ಆದ್ದರಿಂದ ಚಿತ್ರ ತೆರೆದುಕೊಳ್ಳುವುದು ಹಿಂದೆ ಅದೇ ಮನೆಯ ಮೇಲ್ವಿಚಾರಕಿಯಾಗಿದ್ದ ಮಿಸ್ ಕೆಂಟನ್ ಬರೆದ ಪತ್ರದಿಂದ, ಆಕೆಯದೇ ದನಿಯಲ್ಲಿ. ಬಟ್ಲರ್‌ನ ಒಳಗುದಿಯನ್ನು ಆಂಥನಿ ಹಾಪ್ಕಿನ್ಸ್ ಮುಖವೇ ಹೊರಬೇಕು. ಕಾದಂಬರಿಯಲ್ಲಿ ಲಾರ್ಡ್ ಮನೆಯ ಔತಣದಲ್ಲಿ ಖಾರವಾಗಿ ಮಾತಾಡುವ ಅಮೆರಿಕನ್ ಬೇರೆ, ಮುಂದೆ ಆ ಮನೆ ಕೊಳ್ಳುವ ಅಮೆರಿಕನ್ ಬೇರೆ. ಚಿತ್ರದಲ್ಲಿ ಇಬ್ಬರೂ ಒಬ್ಬನೇ. ಇಪ್ಪತ್ತು ವರ್ಷಗಳ ಅಂತರ ದಾಟಿಸಲು ಪ್ರೇಕ್ಷಕನಿಗೆ ಆ ಗುರುತಿನ ಮುಖ ಬೇಕಿತ್ತು. ಕತ್ತರಿ ಹಾಕುವುದು ಸುಲಭ, ಹೊಲಿಗೆ ಕಾಣದಂತೆ ಸೇರಿಸುವುದು ಕಷ್ಟ.

ಹಾಗಂತ ಎಲ್ಲ ಕಡೆಯೂ ಬದಲಿಸಲಿಲ್ಲ. ‘ಎ ರೂಮ್ ವಿತ್ ಎ ವ್ಯೂ’ (1985) ಚಿತ್ರದಲ್ಲಿ ಮೂಲ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ ಅವರ ಅಧ್ಯಾಯಗಳ ಶೀರ್ಷಿಕೆಗಳೇ ತೆರೆಯ ಮೇಲೆ ಮೂಡುತ್ತವೆ. ಆ ಚಿತ್ರಕ್ಕೂ ‘ಹೋವರ್ಡ್ಸ್ ಎಂಡ್’ಗೂ (1992) ಅವರಿಗೆ ಆಸ್ಕರ್ ಬಂತು, ಎರಡೂ ರೂಪಾಂತರಿತ ಚಿತ್ರಕಥೆಗೆ. ಬುಕರ್ ಮತ್ತು ಆಸ್ಕರ್ ಎರಡನ್ನೂ ಗೆದ್ದವರು ಅವರೊಬ್ಬರೇ.

ಲೇಖನದ ಜತೆಗಿನ ಫೋಟೊದ ಅಡಿಬರಹದಲ್ಲಿ ಮರ್ಚೆಂಟ್, ಐವರಿ ಇಬ್ಬರ ಹೆಸರಷ್ಟೇ ಇದೆ. ಆ ಜೋಡಿಯ ಮೊದಲ ಕಥಾಚಿತ್ರ ‘ದಿ ಹೌಸ್‌ಹೋಲ್ಡರ್’ (1963) ಬಂದದ್ದು ಝಾಬ್‌ವಾಲಾ ಕಾದಂಬರಿಯಿಂದ, ಅವರದೇ ಚಿತ್ರಕಥೆಯಿಂದ. ತಿದ್ದುಪಡಿ ಪ್ರಕಟಿಸುವುದಾದರೆ ಆ ಮೂರನೆಯ ಹೆಸರನ್ನೂ ಸೇರಿಸಿ.

– ಚಿತ್ರಸಮಾಜದ ಕೆಲವು ಸದಸ್ಯರು, ಮೈಸೂರು