ಓಟ ಮುಗಿಸಿದವನೂ ಕಂಬಳಿ ಕೇಳಿದ

ಪ್ರಿಯರೇ,

ಸಭೆಯವರಿಗೆ ಕರ್ತನ ನಾಮದಲ್ಲಿ ವಂದನೆ, ನೆರೆಹೊರೆಯ ಬಂಧುಗಳಿಗೆಲ್ಲ ನಮಸ್ಕಾರ. ಸಕಲೇಶಪುರ ತಾಲ್ಲೂಕಿನ ನಮ್ಮ ಸಣ್ಣ ಸಭೆ ಚರ್ಚಿನ ಪಕ್ಕದ ಹಾಲ್‌ನಲ್ಲಿ ಹತ್ತನೇ ಕ್ಲಾಸಿನ ಮಕ್ಕಳು ಕೂತು ಓದಲು ಒಂದು ಓದುಮನೆ ನಡೆಸುತ್ತಿದೆ. ಅದರ ಪರವಾಗಿ ದುಡ್ಡು ಕೇಳುವುದಕ್ಕೇ ಈ ಪತ್ರ. ಮೊದಲೇ ಹೇಳಿಬಿಟ್ಟರೆ ನನಗೂ ನಿರಾಳ, ನಿಮಗೂ ನಿರಾಳ.

ಕಳೆದ ಜನವರಿಯಲ್ಲಿ ಒಂದು ಸಂಜೆ ಆರೂಕಾಲಿಗೆ ಮೊಬೈಲಿಗೆ ಸಂದೇಶ ಬಂತು: ಪಕ್ಕದ ತೋಟದಲ್ಲೇ ಆನೆಗಳಿವೆ, ಯಾರೂ ಓಡಾಡಬೇಡಿ. ಸಕಲೇಶಪುರ, ಆಲೂರು, ಬೇಲೂರು ಕಡೆಯವರಿಗೆ ಇದು ಹೊಸದೇನಲ್ಲ. ಬೇರೆ ಊರಿನವರು ಮಳೆ ಬಂತಾ ಎಂದು ಕೇಳುವ ಹಾಗೆ ನಾವು ಆನೆ ಬಂತಾ ಎಂದು ಕೇಳುತ್ತೇವೆ. ಹಾಲ್‌ನಲ್ಲಿ ಹತ್ತನೇ ಕ್ಲಾಸಿನ ಹನ್ನೊಂದು ಮಕ್ಕಳಿದ್ದರು. ಎಲ್ಲರೂ ಕಾಫಿ ತೋಟದ ಲೈನ್ ಮನೆಗಳವರು, ಎಂದರೆ ಕೂಲಿಯವರ ಸಾಲುಮನೆಗಳವರು. ಮನೆ ಸೇರಬೇಕಾದರೆ ಎರಡು ಮೂರು ಕಿಲೋಮೀಟರ್ ತೋಟದೊಳಗಿನ ದಾರಿ, ಎರಡೂ ಕಡೆ ಕಾಫಿ ಗಿಡ, ಮೇಲೆ ಸಿಲ್ವರ್ ಮರದ ಕತ್ತಲೆ. ಆ ಹೊತ್ತಿನಲ್ಲಿ ಕಳಿಸುವ ಮಾತೇ ಇಲ್ಲ. ಅಪ್ಪಂದಿರು ಜೀಪು ಗೊತ್ತುಮಾಡಿಕೊಂಡು ಬರುವವರೆಗೂ ಕೂರಿಸಿಕೊಳ್ಳಬೇಕು. ಹೊಟ್ಟೆಗೆ ಕೊಡಲು ನಮ್ಮಲ್ಲಿ ಏನೂ ಇರಲಿಲ್ಲ. ಹಾಗಾಗಿ ಪ್ರಸಂಗ ಕೊಟ್ಟೆ.

ಬೈಬಲ್ಲಿನ ಎರಡನೆಯ ತಿಮೊಥೆಯ, ಎಂದರೆ ಪೌಲ ತನ್ನ ಶಿಷ್ಯ ತಿಮೊಥೆಗೆ ಬರೆದ ಎರಡನೆಯ ಪತ್ರ, ಅದರ ನಾಲ್ಕನೇ ಅಧ್ಯಾಯ. ಅಪೊಸ್ತಲ ಪೌಲ ಸೆರೆಯಲ್ಲಿದ್ದಾನೆ, ಸಾವು ಹತ್ತಿರ ಬಂದಿದೆಯೆಂದು ಅವನಿಗೇ ಗೊತ್ತು. ಒಳ್ಳೆಯ ಹೋರಾಟ ಮಾಡಿದ್ದೇನೆ, ನನ್ನ ಓಟ ಮುಗಿಸಿದ್ದೇನೆ ಎಂದು ಬರೆಯುತ್ತಾನೆ. ಮೇಷ್ಟ್ರಾಗಿದ್ದವನ ಗಂಟಲು, ದನಿ ತಾನಾಗಿಯೇ ಏರಿತು. ಪರೀಕ್ಷೆಗೆ ಇನ್ನೆರಡು ತಿಂಗಳು, ಈಗ ಕೈಚೆಲ್ಲಬೇಡಿ, ಪೌಲನ ಹಾಗೆ ಓಟ ಮುಗಿಸಿ ಎಂದೆಲ್ಲ ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಕೈ ಎತ್ತಿದ. "ಮೇಷ್ಟ್ರೇ, ಪೌಲನಿಗೆ ಜೈಲಲ್ಲಿ ಊಟ ಯಾರು ಕೊಡ್ತಿದ್ರು?"

ಉಳಿದವರು ನಕ್ಕರು. ಅವನು ತಮಾಷೆಗೆ ಕೇಳಿರಲಿಲ್ಲ. ಮುಂದಿನ ಬೆಂಚಿನಲ್ಲಿ ಒಬ್ಬ ಹುಡುಗಿ ತ್ರಿಕೋನಮಿತಿಯ ಲೆಕ್ಕ ಅರ್ಧ ಬಿಡಿಸಿ, ಪುಸ್ತಕದ ಮೇಲೇ ತಲೆಯಿಟ್ಟು ನಿದ್ದೆಹೋಗಿದ್ದಳು. ಪೆನ್ಸಿಲ್ ಇನ್ನೂ ಕೈಯಲ್ಲೇ ಇತ್ತು. ಬೆರಳ ಸಂದಿಯಲ್ಲೆಲ್ಲ ಕಾಫಿ ಹಣ್ಣಿನ ಕಪ್ಪು ಕರೆ. ರೋಬಸ್ಟಾ ಕೊಯ್ಲಿನ ಕಾಲ. ಭಾನುವಾರ ಅಮ್ಮನ ಜೊತೆ ಹಣ್ಣು ಬಿಡಿಸಲು ಹೋಗಿದ್ದಳು. ಕಿಲೋ ಲೆಕ್ಕದಲ್ಲಿ ಕೂಲಿಯಾದ್ದರಿಂದ ಎರಡು ಕೈ ಹೆಚ್ಚಿದ್ದರೆ ಮನೆಗೆ ಅಷ್ಟು ಹೆಚ್ಚು ದುಡ್ಡು. ಶಾಲೆಯ ಬಿಸಿಯೂಟ ಮಧ್ಯಾಹ್ನದ್ದು. ಆಮೇಲೆ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ಆ ರಾತ್ರಿ ಮನೆಗೆ ಹೋಗಿ ಅದೇ ಅಧ್ಯಾಯವನ್ನು ನಾನು ನಿಲ್ಲಿಸಿದ ಕಡೆಯಿಂದ ಮುಂದಕ್ಕೆ ಓದಿದೆ. ಓಟದ ಮಾತು ಏಳನೇ ವಚನದಲ್ಲಿದೆ. ಹದಿಮೂರನೆಯದರಲ್ಲಿ ಅದೇ ಪೌಲ ತಿಮೊಥೆಗೆ ಹೇಳಿಕಳಿಸುತ್ತಾನೆ: ಬರುವಾಗ ತ್ರೋವ ಊರಿನಲ್ಲಿ ಕರ್ಪನ ಮನೆಯಲ್ಲಿ ಬಿಟ್ಟುಬಂದ ನನ್ನ ಮೇಲಂಗಿ ತೆಗೆದುಕೊಂಡು ಬಾ, ಪುಸ್ತಕಗಳನ್ನೂ ತಾ. ಇಪ್ಪತ್ತೊಂದರಲ್ಲಿ ಇನ್ನೊಂದು ಮಾತು: ಚಳಿಗಾಲಕ್ಕೆ ಮುಂಚೆ ಬಾ. ಎಷ್ಟೋ ವರ್ಷ ಆ ಏಳನೇ ವಚನದ ಮೇಲೆ ಮಕ್ಕಳಿಗೆ ಬೋಧಿಸಿದ್ದೇನೆ. ಓಟ ಮುಗಿಸಿದೆ ಎಂದವನಿಗೂ ಚಳಿಯಾಗುತ್ತಿತ್ತು, ಓದಲು ಪುಸ್ತಕ ಬೇಕಿತ್ತು ಎಂಬುದರ ಮೇಲೆ ಒಮ್ಮೆಯೂ ಬೋಧಿಸಿರಲಿಲ್ಲ.

ಹಳೆಯ ಒಡಂಬಡಿಕೆಯ ಪ್ರವಾದಿ ಎಲೀಯನ ಕತೆಯೂ ಹಾಗೆಯೇ. ಪ್ರಾಣಭಯದಿಂದ ಓಡಿ, ಬೇರ್ಷೆಬ ದಾಟಿ ಒಂದು ದಿನದ ದಾರಿ ನಡೆದು, ಅಡವಿಯ ಗಿಡದ ಕೆಳಗೆ ಕೂತು, ಸಾಕಪ್ಪಾ ದೇವರೇ, ನನ್ನ ಪ್ರಾಣ ತೆಗೆದುಕೋ ಎಂದು ಮಲಗಿಬಿಡುತ್ತಾನೆ. ಪರೀಕ್ಷೆಯ ಹಿಂದಿನ ವಾರ ನಮ್ಮ ಮಕ್ಕಳು ಆಡುವ ಮಾತು ಇದಕ್ಕಿಂತ ಹೆಚ್ಚು ಬೇರೆಯೇನಲ್ಲ. ದೂತ ಬಂದವನು ಗದರಲಿಲ್ಲ, ಬುದ್ಧಿ ಹೇಳಲಿಲ್ಲ. ಮುಟ್ಟಿ ಎಬ್ಬಿಸಿ, ತಿನ್ನು ಎಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ತಿಂದು ಮತ್ತೆ ಮಲಗಿದ, ಅದಕ್ಕೂ ಬೈಗುಳವಿಲ್ಲ. ಎರಡನೇ ಸಲ ಎಬ್ಬಿಸಿ, ಎದ್ದು ತಿನ್ನು, ದಾರಿ ಬಹಳ ದೂರವಿದೆ ಎಂದ. ಆ ಊಟದ ಬಲದಿಂದ ನಲವತ್ತು ದಿನ ಹೋರೇಬ್ ಬೆಟ್ಟದವರೆಗೂ ನಡೆದ. ದೇವರು ಮೆಲುದನಿಯಲ್ಲಿ ಮಾತಾಡಿದ್ದು ಅಲ್ಲಿಗೆ ತಲುಪಿದ ಮೇಲೆ. ನಾವು ಮೇಷ್ಟ್ರುಗಳು ಆ ಮೆಲುದನಿಯಿಂದಲೇ ಪಾಠ ಶುರುಮಾಡುತ್ತೇವೆ, ರೊಟ್ಟಿಯ ವಿಷಯ ಬಿಟ್ಟೇಬಿಡುತ್ತೇವೆ.

ಈಗ ನಮ್ಮ ತಪ್ಪಿಗೆ ಬರುತ್ತೇನೆ. ಆನೆ ಬಂದ ಆ ಸಂಜೆಯ ಮುಂದಿನ ವಾರವೇ ಓದುಮನೆ ಮುಚ್ಚಿದೆವು. ದುಡ್ಡು ಮುಗಿದಿತ್ತು. ಶುರುಮಾಡುವಾಗಲೇ ಎರಡು ಬಣ್ಣದ ದೊಡ್ಡ ಬೋರ್ಡ್ ಬರೆಸಿದ್ದೆವು, ನಲವತ್ತು ಪ್ಲಾಸ್ಟಿಕ್ ಕುರ್ಚಿ ಕೊಂಡಿದ್ದೆವು, ಉದ್ಘಾಟನೆಗೆ ಶಾಮಿಯಾನ ಹಾಕಿಸಿದ್ದೆವು. ಬುರುಜು ಕಟ್ಟಲು ಹೊರಟವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕದಿದ್ದರೆ ಅಸ್ತಿವಾರಕ್ಕೇ ನಿಂತುಹೋಗಿ ನೋಡಿದವರೆಲ್ಲ ನಗುತ್ತಾರೆ ಎಂದು ಯೇಸುಸ್ವಾಮಿ ಹೇಳಿದ್ದು ಲೂಕನ ಸುವಾರ್ತೆಯಲ್ಲಿದೆ. ನಮ್ಮೂರಲ್ಲಿ ಜೋರಾಗಿ ಯಾರೂ ನಗಲಿಲ್ಲ. ಬೋರ್ಡ್ ಮಾತ್ರ ಮಾರ್ಚ್‌ವರೆಗೂ ಬೀಗ ಹಾಕಿದ ಬಾಗಿಲ ಮೇಲೆ ಹಾಗೇ ಇತ್ತು. ಪರೀಕ್ಷೆ ಬರೆಯಲು ಹೋಗುವ ಮಕ್ಕಳು ಅದರ ಕೆಳಗೇ ಹಾದುಹೋಗಬೇಕಾಯಿತು. ಮಕ್ಕಳಿಗೆ ಕಡೆತನಕ ಬಿಡಬೇಡಿ ಎಂದು ಹೇಳಿದವರು ನಾವೇ, ನಡುವೆ ಬಿಟ್ಟವರೂ ನಾವೇ.

ಆದ್ದರಿಂದ ಈ ಸಲ ಮೊದಲು ಲೆಕ್ಕ. ಈ ವರ್ಷ 24 ಮಕ್ಕಳು. ಡಿಸೆಂಬರಿನಿಂದ ಮಾರ್ಚ್‌ವರೆಗೆ, ಸೋಮವಾರದಿಂದ ಶುಕ್ರವಾರ, ಸಂಜೆ ಶಾಲೆ ಬಿಟ್ಟ ಮೇಲೆ ಇಲ್ಲಿಗೇ ಬಂದು, ಉಂಡು, ಓದಿ, ಇಲ್ಲೇ ಮಲಗಿ, ಬೆಳಗ್ಗೆ ತಿಂಡಿ ತಿಂದು ಇಲ್ಲಿಂದಲೇ ಶಾಲೆಗೆ. ಆನೆಯ ದಾರಿಯಲ್ಲಿ ರಾತ್ರಿ ಓಡಾಟವೇ ಬೇಡ ಎಂದು ಈ ಏರ್ಪಾಡು. ತಂದೆತಾಯಿಗಳ ಒಪ್ಪಿಗೆಯನ್ನು ಬರವಣಿಗೆಯಲ್ಲಿ ತೆಗೆದುಕೊಂಡಿದ್ದೇವೆ. ಹೆಣ್ಣುಮಕ್ಕಳು ಸಭಾಪಾಲಕರ ಹಳೆಯ ಮನೆಯಲ್ಲಿ, ಜೊತೆಗೆ ಒಬ್ಬ ಅಕ್ಕ ಇರುತ್ತಾರೆ. ರಾತ್ರಿ ಊಟ, ಬೆಳಗಿನ ತಿಂಡಿ ಸೇರಿ ಮಗುವೊಂದಕ್ಕೆ ದಿನಕ್ಕೆ 45 ರೂಪಾಯಿಯಂತೆ 80 ದಿನಕ್ಕೆ 86,400. ಆ ಅಕ್ಕನ ಸಂಬಳ ತಿಂಗಳಿಗೆ 6,000, ನಾಲ್ಕು ತಿಂಗಳಿಗೆ 24,000. ಕರೆಂಟ್ ನೆಚ್ಚಿಕೊಂಡು ಮಲೆನಾಡಿನಲ್ಲಿ ಓದಲಾಗುವುದಿಲ್ಲ; ಇನ್ವರ್ಟರಿಗೂ ಬ್ಯಾಟರಿಗೂ 18,000. ಕಂಬಳಿಗೆ 9,600. ಹಳೆಯ ಪ್ರಶ್ನೆಪತ್ರಿಕೆಗಳ ಪುಸ್ತಕ, ನೋಟ್‌ಬುಕ್ಕಿಗೆ 6,000. ಒಟ್ಟು 1,44,000. ಸುಗ್ಗಿಹಬ್ಬದ ಹರಾಜಿನಲ್ಲಿ ಬಂದ 38,000 ಕೈಯಲ್ಲಿದೆ. (ಒಂದು ಕುಂಬಳಕಾಯಿಯನ್ನು ಮೂರು ಸಲ ಹರಾಜು ಹಾಕಿದ್ದಕ್ಕೆ ಇಷ್ಟಾದರೂ ಆಯಿತು. ಕೊಂಡವರೇ ತಿರುಗಿ ಕೊಟ್ಟರು, ದೇವರು ಅವರನ್ನು ಚೆನ್ನಾಗಿಟ್ಟಿರಲಿ.) ಇನ್ನು ಬೇಕಾದದ್ದು 1,06,000 ರೂಪಾಯಿ. ಬೋರ್ಡಿಗೆ ಒಂದು ರೂಪಾಯಿಯೂ ಇಲ್ಲ.

ಮಾರ್ಚ್‌ನಲ್ಲಿ ಪರೀಕ್ಷೆ ಬರೆದಾದ ಮೇಲೆ ಏನು ಎಂದು ಕೆಲವರು ಕೇಳಿದರು. 2023-24ರಿಂದ ಎಸ್ಸೆಸ್ಸೆಲ್ಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿವೆ. ಮೊದಲನೆಯದರಲ್ಲಿ ಒಂದೆರಡು ವಿಷಯ ಹೋದರೆ ವರ್ಷ ಹಾಳಾಗಬೇಕಿಲ್ಲ, ಮುಂದಿನದನ್ನು ಬರೆಯಬಹುದು. ಲೈನ್ ಮನೆಗಳಲ್ಲಿ ಇದನ್ನು ಹೇಳುವವರಿಲ್ಲ. ಫೇಲ್ ಎಂದು ಗೊತ್ತಾದ ಮರುದಿನವೇ ಮಗು ತೋಟದ ಕೆಲಸಕ್ಕೆ, ಅಲ್ಲಿಗೆ ಓದು ಮುಗಿಯಿತು. ಇಲ್ಲಿ ನನಗೆ ಮಾರ್ಕನ ನೆನಪಾಗುತ್ತದೆ. ಪೌಲನ ಜೊತೆ ಸುವಾರ್ತೆ ಸಾರಲು ಹೊರಟು, ಪಂಫುಲ್ಯ ಸೀಮೆಯಲ್ಲಿ ಅವನನ್ನು ನಡುದಾರಿಯಲ್ಲಿ ಬಿಟ್ಟು ಮನೆಗೆ ಹೋದವನು. ಮುಂದಿನ ಸಲ ಅವನು ಬೇಡವೇ ಬೇಡ ಎಂದು ಪೌಲ ಹಟ ಹಿಡಿದ, ಆ ಜಗಳದಲ್ಲಿ ಪೌಲನೂ ಅವನ ಜೊತೆಗಾರ ಬಾರ್ನಬನೂ ಬೇರೆಯಾದರು. ಬಾರ್ನಬ ಮಾತ್ರ ಮಾರ್ಕನ ಕೈ ಬಿಡಲಿಲ್ಲ, ತನ್ನ ಜೊತೆ ಕುಪ್ರ ದ್ವೀಪಕ್ಕೆ ಕರೆದುಕೊಂಡು ಹೋದ. ಅದೇ ಪೌಲ, ಮೇಲಂಗಿ ಕೇಳಿದ ಅದೇ ಪತ್ರದಲ್ಲಿ, ಮಾರ್ಕನನ್ನೂ ಕರೆದುಕೊಂಡು ಬಾ, ನನಗೆ ಉಪಯೋಗವಾಗುತ್ತಾನೆ ಎಂದು ಬರೆದಿದ್ದಾನೆ. ಏಪ್ರಿಲ್ ಮೇಯಲ್ಲಿ ಬಾರ್ನಬನ ಕೆಲಸ ಮಾಡುವವರು ನಮಗೆ ಬೇಕು: ವಾರಕ್ಕೆರಡು ದಿನ ಗಣಿತ, ಇಂಗ್ಲಿಷ್, ವಿಜ್ಞಾನ ಹೇಳಿಕೊಡಬಲ್ಲ ನಿವೃತ್ತ ಮೇಷ್ಟ್ರು, ಟೀಚರಮ್ಮಂದಿರು, ಡಿಗ್ರಿ ಓದುವ ಮಕ್ಕಳು. ಬಸ್ ಚಾರ್ಜು ಕೊಡುತ್ತೇವೆ, ಅದಕ್ಕಿಂತ ಹೆಚ್ಚು ಆಗುವುದಿಲ್ಲ.

24ರಲ್ಲಿ ನಮ್ಮ ಸಭೆಯ ಮಕ್ಕಳು ಏಳು ಮಾತ್ರ. ಉಳಿದವರು ಯಾರ್ಯಾರೋ ದೇವರಿಗೆ ಕೈಮುಗಿಯುವ ಮನೆಗಳವರು. ಎಂಟೂವರೆಯ ಪ್ರಾರ್ಥನೆಗೆ ಯಾರೂ ಕೂರಬೇಕೆಂಬ ನಿಯಮವಿಲ್ಲ, ಆ ಹೊತ್ತಿನಲ್ಲಿ ಅವರು ಪಾತ್ರೆ ತೊಳೆಯಬೇಕೆಂಬ ನಿಯಮವೂ ಇಲ್ಲ. ಕಾಲ ಸೂಕ್ಷ್ಮವಾದ್ದರಿಂದ ಇದನ್ನು ಬರೆದೇ ಇಟ್ಟಿದ್ದೇವೆ. ಯಾರು ಬೇಕಾದರೂ, ಯಾವ ಸಂಜೆ ಬೇಕಾದರೂ, ಹೇಳದೆ ಕೇಳದೆ ಬಂದು ನೋಡಬಹುದು.

ಕೊಡುವ ಬಗೆ. ಬ್ಯಾಂಕ್ ಖಾತೆಯ ವಿವರವೂ ಕ್ಯೂಆರ್ ಕೋಡೂ ಸಭೆಯ ಕಚೇರಿಯಲ್ಲಿ ಸಿಗುತ್ತವೆ. ನೂರು ರೂಪಾಯಿಗೂ ರಸೀದಿ ಕೊಡುತ್ತೇವೆ. ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡಿಸುವ ನೋಂದಣಿ ನಮಗಿಲ್ಲ, ಆ ವಿನಾಯಿತಿ ಸಿಗುವುದಿಲ್ಲ. ವಿದೇಶಿ ದೇಣಿಗೆ ಪಡೆಯುವ ಅನುಮತಿಯೂ ಇಲ್ಲ. ಕುವೈತ್, ದುಬೈನಲ್ಲಿ ದುಡಿಯುವ ನಮ್ಮವರು ಭಾರತದ ಪೌರರಾಗಿಯೇ ಇದ್ದರೆ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಬಹುದು. ಬೇರೆ ದೇಶದ ಪೌರತ್ವ ಪಡೆದವರು ದಯವಿಟ್ಟು ಕಳಿಸಬೇಡಿ, ನಾವು ತೊಂದರೆಗೆ ಸಿಕ್ಕುತ್ತೇವೆ. ಅಕ್ಕಿ, ಬೇಳೆ, ತೆಂಗಿನಕಾಯಿ, ತೋಟದ ಬಾಳೆಗೊನೆ, ಸೌದೆ ಎಲ್ಲಕ್ಕೂ ಸ್ವಾಗತ. ರೇಷನ್ ಅಕ್ಕಿ ಮಾತ್ರ ತರಬೇಡಿ, ಅದು ನಿಮ್ಮ ಮನೆಯವರ ಪಾಲು.

ತೋಟದ ಮಾಲೀಕರಲ್ಲಿ ದುಡ್ಡಿಲ್ಲದ ಒಂದು ಬೇಡಿಕೆ. ಫೆಬ್ರವರಿ, ಮಾರ್ಚ್‌ನಲ್ಲಿ ಕೊಯ್ಲು ಮುಗಿಸುವ ಅವಸರ ನಿಮಗಿರುತ್ತದೆ, ಆಳು ಸಿಗುವುದಿಲ್ಲ, ಗೊತ್ತು. ಆದರೂ ಹತ್ತನೇ ಕ್ಲಾಸಿನ ಮಕ್ಕಳನ್ನು ಭಾನುವಾರ ಉದುರು ಕಾಫಿ ಹೆಕ್ಕಲು ಕರೆಯಬೇಡಿ. ತೋಟದ ಕೆಲಸ ನೋಡಿಕೊಳ್ಳುವ ನಿಮ್ಮ ರೈಟರಿಗೆ ಒಂದು ಮಾತು ಹೇಳಿದರೆ ಸಾಕು.

ಕಂಬಳಿ ಬೇಕಾಗಿರುವುದು 24. ಅವು ನವೆಂಬರ್ ಕೊನೆಯೊಳಗೆ ಬರಬೇಕು. ಹೊಸದೇ ಆಗಬೇಕೆಂದಿಲ್ಲ, ಒಗೆದು ಒಣಗಿಸಿದ್ದಾದರೆ ಸಾಕು. ಸಂಜೆ ಐದರ ಮೇಲೆ ತರುವವರು ಹಾಲ್‌ನ ಹಿಂಬಾಗಿಲಿಗೆ ಬನ್ನಿ. ನಾಯಿ ಬೊಗಳುತ್ತದೆ, ಕಚ್ಚುವುದಿಲ್ಲ.

ಇಂತಿ ನಿಮ್ಮ,
ಓದುಮನೆಯ ಮೇಷ್ಟ್ರು, ಸಭಾ ಹಿರಿಯರ ಪರವಾಗಿ